ನೀಲಿ ಯಾಕೆ ನೀಲಿ? ಕೇಳುತ್ತಲೇ ಬದುಕಿದ ಸಿ.ವಿ. ರಾಮನ್

ಮಂಗಳೂರು, ಪುತ್ತೂರು ಕಡೆಯ ಮಗುವೊಂದು ಅಡಿಕೆ ಸೀಸನ್‌ನಲ್ಲಿ ಚನ್ನಗಿರಿಯ ನೆಂಟರ ಮನೆಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ನಮ್ಮ ಅಂಗಳದಲ್ಲಿ ಒಣಗುವುದು ಚಾಲಿ ಅಡಿಕೆ, ಸುಲಿದರೆ ಬಿಳಿ. ಅಲ್ಲಿ ಅಂಗಳದ ತುಂಬ ಕೆಂಪಡಿಕೆ. ಮರ ಒಂದೇ, ಕಾಯಿ ಒಂದೇ. ನಮ್ಮಲ್ಲಿ ಕಾಯಿ ಹಣ್ಣಾದ ಮೇಲೆ ಬಿಸಿಲಿಗೆ ಹಾಕುತ್ತಾರೆ. ಅಲ್ಲಿ ಎಳೆಗಾಯಿ ಸುಲಿದು, ಚೊಗರಿನಲ್ಲಿ ಬೇಯಿಸಿ ಒಣಗಿಸುತ್ತಾರೆ. ಅಡಿಕೆಯ ಒಗರಿನಲ್ಲೇ ಇರುವ ಟ್ಯಾನಿನ್ ಎಂಬ ವಸ್ತು ಆ ಕೆಂಪನ್ನು ಕೊಡುತ್ತದೆ.

ಮಗು ಕೇಳಿಯೇ ಕೇಳುತ್ತದೆ, ನಮ್ಮದು ಬಿಳಿ, ಇವರದ್ದು ಯಾಕೆ ಕೆಂಪು ಅಂತ. ಉತ್ತರ ಗೊತ್ತಿರುವ ಅಜ್ಜ ಹತ್ತಿರ ಇದ್ದರೆ ಪುಣ್ಯ. ಇಲ್ಲದಿದ್ದರೆ ಸಿಗುವ ಉತ್ತರ ಒಂದೇ. ಅದು ಹಾಗೇ, ಸುಮ್ಮನಿರು. ಎರಡು ಸಲ ಹಾಗೆ ಹೇಳಿಸಿಕೊಂಡ ಮಗು ಮೂರನೇ ಸಲ ಕೇಳುವುದಿಲ್ಲ.

ಸುಮ್ಮನಿರು ಎಂದು ಹೇಳಿಸಿಕೊಳ್ಳದೆ ಬೆಳೆದ ಒಬ್ಬ ಹುಡುಗನ ಕಥೆ ಇದು. ಆಕಾಶ, ಸಮುದ್ರ, ಹಕ್ಕಿಯ ಗರಿ, ಗುಲಾಬಿ ಹೂವು, ಹೀಗೆ ಕಂಡದ್ದಕ್ಕೆಲ್ಲ ಈ ಬಣ್ಣ ಯಾಕೆ ಎಂದು ಕೇಳುತ್ತ 82 ವರ್ಷ ಬದುಕಿದವರು ಚಂದ್ರಶೇಖರ ವೆಂಕಟ ರಾಮನ್. ಹುಟ್ಟಿದ್ದು ತಮಿಳುನಾಡಿನಲ್ಲಾದರೂ ಬದುಕಿನ ಕೊನೆಯ 37 ವರ್ಷ ನಮ್ಮ ಬೆಂಗಳೂರಿನವರು. ನಮ್ಮ ಮಕ್ಕಳಿಗೆ ಅವರು ಗೊತ್ತಿರುವುದು ಫೆಬ್ರವರಿ 28ರಂದು ಶಾಲೆಯ ಗೋಡೆಗೆ ಅಂಟಿಸುವ ಪೇಟದ ಫೋಟೋ ಆಗಿ ಮಾತ್ರ. ಪೇಟದ ಕೆಳಗಿನ ಕಣ್ಣುಗಳ ಕಥೆ ಹೇಳುವವರು ಕಡಿಮೆ.

ಮನೆಯ ಕಪಾಟಿನ ಪುಸ್ತಕ

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ಎಂಟು ಮಕ್ಕಳಲ್ಲಿ ಇವರು ಎರಡನೆಯವರು. ಶ್ರೀಮಂತಿಕೆಯೇನೂ ಇರಲಿಲ್ಲ. ತಂದೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಹೇಳಿಕೊಡುವ ಕೆಲಸ ಹಿಡಿದಾಗ ಸಂಸಾರವೂ ಅಲ್ಲಿಗೆ ಹೋಯಿತು. ಎದುರಿಗೆ ಸಮುದ್ರ, ಮನೆಯೊಳಗೆ ತಂದೆಯ ಪುಸ್ತಕಗಳು. ಹುಡುಗನಿಗೆ ಎರಡೂ ಕೈಗೆಟಕುವಷ್ಟು ಹತ್ತಿರ.

ತನ್ನನ್ನು ರೂಪಿಸಿದ್ದು ಮೂರು ಪುಸ್ತಕಗಳು ಎಂದು ರಾಮನ್ ಮುಂದೆ ಬರೆದುಕೊಂಡರು. ಒಂದು, ಬುದ್ಧನ ಬದುಕಿನ ಬಗ್ಗೆ ಎಡ್ವಿನ್ ಆರ್ನಾಲ್ಡ್ ಬರೆದ ಕಾವ್ಯ. ಇನ್ನೊಂದು, ಯೂಕ್ಲಿಡ್‌ನ ರೇಖಾಗಣಿತ. ಮೂರನೆಯದು, ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಸ್ವರ ಮತ್ತು ಕಿವಿಯ ಬಗ್ಗೆ ಬರೆದದ್ದು. ಒಂದು ಕಾವ್ಯ, ಒಂದು ಗಣಿತ, ಒಂದು ಸಂಗೀತದ ವಿಜ್ಞಾನ. ಇದರಲ್ಲಿ ಪರೀಕ್ಷೆಗೆಂದು ಬರೆದ ಗೈಡ್ ಒಂದೂ ಇಲ್ಲ ನೋಡಿ.

11ನೇ ವಯಸ್ಸಿಗೆ ಹುಡುಗ ಮೆಟ್ರಿಕ್ ಪಾಸು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಮುಗಿಸಿದ, ಭೌತಶಾಸ್ತ್ರದಲ್ಲಿ ಚಿನ್ನದ ಪದಕ. 1906ರಲ್ಲಿ, 18ನೇ ವಯಸ್ಸಿಗೆ, ಬೆಳಕಿನ ಬಗ್ಗೆ ಅವನ ಮೊದಲ ಲೇಖನ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಝಿನ್‌ನಲ್ಲಿ ಅಚ್ಚಾಯಿತು.

18 ಅಂದಾಗ ಇನ್ನೊಬ್ಬ ಹುಡುಗನ ನೆನಪಾಗುತ್ತದೆ. ಲಂಡನ್ನಿನ ವಿಲಿಯಂ ಪರ್ಕಿನ್‌ಗೂ 1856ರಲ್ಲಿ ಅಷ್ಟೇ ವಯಸ್ಸು. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಔಷಧವನ್ನು ಪ್ರಯೋಗಾಲಯದಲ್ಲಿ ತಯಾರಿಸಲು ಹೊರಟವನ ಪಾತ್ರೆಯಲ್ಲಿ ಉಳಿದದ್ದು ಕಪ್ಪು ಗಸಿ. ಅದನ್ನು ಚೆಲ್ಲುವ ಬದಲು ತೊಳೆದು ನೋಡಿದ. ನೇರಳೆ ಬಣ್ಣ! ಜಗತ್ತಿನ ಬಟ್ಟೆಗೆ ಕಾರ್ಖಾನೆಯ ಬಣ್ಣ ಬಂದದ್ದು ಅಲ್ಲಿಂದ. ಇಂಗ್ಲಿಷಿನಲ್ಲಿ ಇಂಥ ಕಥೆಗಳು ಮಕ್ಕಳ ಚಿತ್ರಪುಸ್ತಕಗಳಾಗಿ ಬರುತ್ತವೆ. ಪುಟಕ್ಕೆರಡು ವಾಕ್ಯ, ಪುಟದ ತುಂಬ ಚಿತ್ರ. ಎರಡನೇ ಕ್ಲಾಸಿನ ಮಗು ಒಬ್ಬನೇ ಕೂತು ಓದಬಹುದು. ರಾಮನ್ ಕಥೆ ಅದಕ್ಕಿಂತ ಏನೂ ಕಡಿಮೆಯದ್ದಲ್ಲ.

ಟ್ರಾಮಿನಿಂದ ಕಂಡ ಬೋರ್ಡು

ಆಗ ಹೆಚ್ಚಿನ ಓದಿಗೆ ಇಂಗ್ಲೆಂಡಿಗೆ ಹೋಗಬೇಕಿತ್ತು. ಸಣಕಲು ಮೈ, ಅಲ್ಲಿಯ ಚಳಿ ತಡೆಯುವುದಿಲ್ಲ ಎಂದು ಮದ್ರಾಸಿನ ಸರ್ಕಾರಿ ವೈದ್ಯರು ಹೇಳಿದರು. ಅಲ್ಲಿಗೆ ಆ ದಾರಿ ಮುಚ್ಚಿತು. ಭಾರತದಲ್ಲೇ ಕೂತು ವಿಜ್ಞಾನ ಮಾಡಿ ಹೊಟ್ಟೆ ಹೊರೆಯುವ ದಾರಿ ಆಗ ಇರಲಿಲ್ಲ. ರಾಮನ್ ಹಣಕಾಸು ಇಲಾಖೆಯ ಪರೀಕ್ಷೆ ಬರೆದರು. ಲೋಕಸುಂದರಿ ಅವರನ್ನು ಮದುವೆಯಾದರು. 1907ರಲ್ಲಿ ಕಲ್ಕತ್ತಕ್ಕೆ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಹೋದರು. ವಯಸ್ಸು 18 ಮುಗಿದಿತ್ತಷ್ಟೆ. ಒಳ್ಳೆಯ ಸಂಬಳ, ಸರ್ಕಾರಿ ಗತ್ತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕಥೆ ಇಲ್ಲಿಗೇ ಸುಖಾಂತ್ಯ, ಅಲ್ಲವೇ?

ಆದರೆ ಒಂದು ದಿನ ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ರಸ್ತೆಯಲ್ಲಿ ಒಂದು ಬೋರ್ಡು ಕಂಡಿತು. ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್. 1876ರಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಕಟ್ಟಿದ ಸಂಸ್ಥೆ ಅದು. ಕಟ್ಟಡ ಇತ್ತು, ಉಪಕರಣ ಇತ್ತು, ಬಳಸುವವರೇ ಇರಲಿಲ್ಲ. ಮುಂದಿನ 10 ವರ್ಷ ರಾಮನ್ ದಿನಚರಿ ಹೀಗೆ. ಬೆಳಿಗ್ಗೆ ಪ್ರಯೋಗಾಲಯ, ಹಗಲು ಆಫೀಸು, ಸಂಜೆಯಿಂದ ರಾತ್ರಿವರೆಗೆ ಮತ್ತೆ ಪ್ರಯೋಗಾಲಯ. ಆಶುತೋಷ್ ಡೇ ಎಂಬ ಸಹಾಯಕ ಒಬ್ಬರೇ ಜೊತೆಗೆ. ನಡುವೆ ರಂಗೂನ್‌ಗೂ ನಾಗ್ಪುರಕ್ಕೂ ವರ್ಗ ಆಯಿತು, ಮರಳಿ ಕಲ್ಕತ್ತಕ್ಕೇ ಬಂದರು. ವೀಣೆ, ತಂಬೂರಿ, ಮೃದಂಗ, ತಬಲಗಳ ನಾದ ಹೇಗೆ ಹುಟ್ಟುತ್ತದೆ ಎಂದು ಹುಡುಕಿದ್ದು ಈ ಕಾಲದಲ್ಲಿ. ಬಾಲ್ಯದಲ್ಲಿ ಓದಿದ ಹೆಲ್ಮ್‌ಹೋಲ್ಟ್ಸ್ ಪುಸ್ತಕ ಇಲ್ಲಿ ಕೈಹಿಡಿಯಿತು.

1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ ಪ್ರಾಧ್ಯಾಪಕ ಹುದ್ದೆಗೆ ಕರೆಯಿತು. ಸಂಬಳ ಸರ್ಕಾರಿ ನೌಕರಿಗಿಂತ ಬಹಳ ಕಡಿಮೆ. ರಾಮನ್ ಹಿಂದೆಮುಂದೆ ನೋಡದೆ ಒಪ್ಪಿಕೊಂಡರು.

ಹಡಗಿನ ಮೇಲೆ ಒಂದು ಪ್ರಶ್ನೆ

1921ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ವಿಶ್ವವಿದ್ಯಾಲಯಗಳ ಸಮ್ಮೇಳನ ಆಕ್ಸ್‌ಫರ್ಡ್‌ನಲ್ಲಿ ನಡೆಯಿತು. ರಾಮನ್‌ಗೆ ಅದೇ ಮೊದಲ ವಿದೇಶ ಪ್ರಯಾಣ. ಮರಳುವಾಗ ಹತ್ತಿದ ಹಡಗಿನ ಹೆಸರು ನರ್ಕುಂಡಾ. ಮೆಡಿಟರೇನಿಯನ್ ಸಮುದ್ರದ ಕಡುನೀಲಿ ನೋಡಿ ಅವರು ಅಲ್ಲೇ ಸಿಕ್ಕಿಬಿದ್ದರು.

ಸಮುದ್ರ ಯಾಕೆ ನೀಲಿ? ಆಗಿನ ದೊಡ್ಡ ವಿಜ್ಞಾನಿ ಲಾರ್ಡ್ ರೇಲೀ ಉತ್ತರ ಕೊಟ್ಟಾಗಿತ್ತು. ಸಮುದ್ರಕ್ಕೆ ಸ್ವಂತ ನೀಲಿ ಇಲ್ಲ, ಕಾಣುವುದು ಆಕಾಶದ ಪ್ರತಿಬಿಂಬ ಎಂದು. ದೊಡ್ಡವರು ಹೇಳಿದ ಮೇಲೆ ಮುಗಿಯಿತಲ್ಲ? ರಾಮನ್‌ಗೆ ಮುಗಿಯಲಿಲ್ಲ. ಜೇಬಿನಲ್ಲಿ ನಿಕೋಲ್ ಪ್ರಿಸಂ ಎಂಬ ಸಣ್ಣ ಹರಳಿನ ಉಪಕರಣ ಇತ್ತು. ನೀರಿನ ಮೇಲ್ಮೈಯಿಂದ ಪುಟಿದು ಬರುವ ಹೊಳಪನ್ನು ಸರಿಯಾದ ಕೋನದಲ್ಲಿ ಹಿಡಿದರೆ ಅದು ತಡೆಯುತ್ತದೆ. ಪ್ರತಿಬಿಂಬವನ್ನು ತೆಗೆದುಹಾಕಿ ನೋಡಿದರು. ನೀಲಿ ಕಡಿಮೆಯಾಗುವ ಬದಲು ಇನ್ನೂ ಗಾಢವಾಗಿ ಕಂಡಿತು! ಅಂದರೆ ಬಣ್ಣ ಬರುತ್ತಿರುವುದು ನೀರಿನ ಒಳಗಿನಿಂದಲೇ. ಹಡಗು ಸೆಪ್ಟೆಂಬರ್‌ನಲ್ಲಿ ಮುಂಬೈ ಬಂದರು ಸೇರುವಾಗ ನೇಚರ್ ಪತ್ರಿಕೆಗೆ ಪತ್ರ ಸಿದ್ಧವಾಗಿತ್ತು.

ಬೆಳಕನ್ನು ಹೀಗೆ ಹಿಡಿದು ಪ್ರಶ್ನಿಸುವ ದಾರಿ ಹಳೆಯದು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಸುಮಾರು 1,000 ವರ್ಷದ ಹಿಂದೆ ಕತ್ತಲೆ ಕೋಣೆಯಲ್ಲಿ ಬೆಳಕಿನ ಕಿರಣಗಳನ್ನು ಪರೀಕ್ಷಿಸಿ ಕಿತಾಬುಲ್ ಮನಾಝಿರ್ ಬರೆದರು. ನೋಡುವುದೆಂದರೆ ಕಣ್ಣಿನಿಂದ ಕಿರಣ ಹೊರಗೆ ಹೋಗುವುದಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುವುದು ಎಂದು ತೋರಿಸಿದರು. ಅವರ ಪುಸ್ತಕ ಓದಿದ ಕಮಾಲುದ್ದೀನ್ ಅಲ್ ಫಾರಿಸಿ 1300ರ ಸುಮಾರಿಗೆ ಗಾಜಿನ ಬುರುಡೆಗೆ ನೀರು ತುಂಬಿಸಿ, ಅದನ್ನೇ ಮಳೆಹನಿ ಎಂದು ಇಟ್ಟುಕೊಂಡು ಕಾಮನಬಿಲ್ಲನ್ನು ವಿವರಿಸಿದರು. ದೊಡ್ಡ ಯಂತ್ರ ಇವರ ಯಾರ ಹತ್ತಿರವೂ ಇರಲಿಲ್ಲ. ಒಂದು ಕತ್ತಲೆ ಕೋಣೆ, ಒಂದು ನೀರಿನ ಬುರುಡೆ, ಒಂದು ಹರಳು.

ಆಕಾಶದ ಕಥೆಯೂ ಇಲ್ಲೇ ಹೇಳಿಬಿಡಬಹುದು. ಬಿಸಿಲು ಎಂದರೆ ಏಳು ಬಣ್ಣ ಬೆರೆತ ಬೆಳಕು. ಗಾಳಿಯ ಅಣುಗಳಿಗೆ ತಾಗಿದಾಗ ಅದು ಸುತ್ತಮುತ್ತ ಚದುರುತ್ತದೆ. ಎಲ್ಲ ಬಣ್ಣವೂ ಸಮಾನವಾಗಿ ಚದುರುವುದಿಲ್ಲ. ಕೆಂಪಿಗಿಂತ ನೀಲಿ ಸುಮಾರು ನಾಲ್ಕು ಪಟ್ಟು ಹೆಚ್ಚು ಚದುರುತ್ತದೆ. ಹಾಗಾಗಿ ತಲೆ ಎತ್ತಿದಲ್ಲೆಲ್ಲ ನೀಲಿ. ಸಂಜೆ ಸೂರ್ಯನ ಬೆಳಕು ಗಾಳಿಯಲ್ಲಿ ಬಹಳ ದೂರ ದಾಟಿ ಬರಬೇಕು. ದಾರಿಯಲ್ಲೇ ನೀಲಿ ಚದುರಿಹೋಗಿ ನಮಗೆ ಮುಟ್ಟುವುದು ಕೆಂಪು. ಮನೆಯಲ್ಲೇ ನೋಡಬೇಕಾ? ಗಾಜಿನ ಲೋಟದ ನೀರಿಗೆ ಕೆಲವು ಹನಿ ಹಾಲು ಹಾಕಿ, ಕತ್ತಲೆಯಲ್ಲಿ ಒಂದು ಬದಿಯಿಂದ ಟಾರ್ಚ್ ಬಿಡಿ. ಪಕ್ಕದಿಂದ ನೋಡಿದರೆ ತಿಳಿನೀಲಿ, ಎದುರಿನಿಂದ ನೋಡಿದರೆ ಕೆಂಬಣ್ಣ. ಆಕಾಶವೂ ಮುಸ್ಸಂಜೆಯೂ ಒಂದೇ ಲೋಟದಲ್ಲಿ.

ಸಮುದ್ರದ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ನೀರು ಬೆಳಕಿನ ಕೆಂಪು ಭಾಗವನ್ನು ಸ್ವಲ್ಪ ಸ್ವಲ್ಪವೇ ಹೀರಿಕೊಳ್ಳುತ್ತದೆ, ಆಳವಾದ ನೀರಿನ ನೀಲಿಗೆ ಇದೇ ದೊಡ್ಡ ಕಾರಣ ಎನ್ನುತ್ತದೆ ಇವತ್ತಿನ ವಿಜ್ಞಾನ. ಅಣುಗಳು ಬೆಳಕನ್ನು ಚದುರಿಸುವುದು ಅದರ ಜೊತೆಗೆ. ರಾಮನ್ ಹೇಳಿದ್ದರಲ್ಲಿ ಅರ್ಧ ನಿಂತಿತು, ಅರ್ಧ ತಿದ್ದಿತು. ಆದರೆ ಆ ಅರ್ಧವೇ ಅವರನ್ನು ಮುಂದಿನ ಮನೆಗೆ ಕರೆದುಕೊಂಡು ಹೋಯಿತು.

ಬಣ್ಣ ಬದಲಿಸಿದ ಬೆಳಕು

ನೀರಿನಲ್ಲಿ ಬೆಳಕು ಚದುರುವುದಾದರೆ ಬೇರೆ ದ್ರವಗಳಲ್ಲಿ? ಮಂಜುಗಡ್ಡೆಯಲ್ಲಿ? ಹರಳಿನಲ್ಲಿ? ಮುಂದಿನ ಏಳು ವರ್ಷ ರಾಮನ್ ಮತ್ತು ಶಿಷ್ಯರು ಇದನ್ನೇ ಹಿಡಿದರು. 1923ರಲ್ಲಿ ಶಿಷ್ಯ ಕೆ.ಆರ್. ರಾಮನಾಥನ್‌ಗೆ ಒಂದು ವಿಚಿತ್ರ ಕಂಡಿತು. ಒಳಗೆ ಬಿಟ್ಟ ಬಣ್ಣದ ಜೊತೆ ಬೇರೆ ಬಣ್ಣದ ಬಹಳ ಮಸುಕಾದ ಬೆಳಕೂ ಹೊರಗೆ ಬರುತ್ತಿತ್ತು. ದ್ರವದಲ್ಲಿ ಕೊಳೆ ಇರಬಹುದು ಎಂದು ಮತ್ತೆ ಮತ್ತೆ ಶುದ್ಧ ಮಾಡಿದರು. ಆದರೂ ಅದು ಹೋಗಲಿಲ್ಲ.

1928ರ ಆರಂಭದಲ್ಲಿ ರಾಮನ್ ಈ ಕೆಲಸವನ್ನು ಕೆ.ಎಸ್. ಕೃಷ್ಣನ್ ಕೈಗೆ ಕೊಟ್ಟು ಜೊತೆಗೇ ನಿಂತರು. ದೂರದರ್ಶಕದ ಮಸೂರದಿಂದ ಬಿಸಿಲನ್ನು ಒಂದೇ ಕಡೆ ಹಿಡಿದು, ನೀಲಿ-ನೇರಳೆ ಗಾಜಿನಲ್ಲಿ ಸೋಸಿ, ದ್ರವದೊಳಗೆ ಬಿಟ್ಟರು. ನೋಡುವ ಕಡೆ ಆ ನೀಲಿಯನ್ನು ಪೂರ್ತಿ ತಡೆಯುವ ಇನ್ನೊಂದು ಗಾಜು. ಏನೂ ಕಾಣಬಾರದು. ಆದರೂ ಮಸುಕಾದ ಬೆಳಕು ಕಂಡಿತು. 60ರಷ್ಟು ದ್ರವಗಳಲ್ಲಿ ನೋಡಿದರು, ಎಲ್ಲದರಲ್ಲೂ ಇತ್ತು. ಫೆಬ್ರವರಿ 28ರಂದು ವರ್ಣದರ್ಶಕದಲ್ಲಿ ನೋಡಿದಾಗ ಹೊಸ ಬಣ್ಣ ಬೇರೆಯಾಗಿ ನಿಂತದ್ದು ಖಚಿತವಾಯಿತು.

ಆದದ್ದು ಏನು? ಬೆಳಕು ಅಣುವಿಗೆ ತಾಗಿದಾಗ ಬಹುಪಾಲು ಹೇಗೆ ಹೋಯಿತೋ ಹಾಗೇ ಬರುತ್ತದೆ. ಕೋಟಿಗೊಂದರಂತೆ ಮಾತ್ರ ಅಣುವಿಗೆ ಸ್ವಲ್ಪ ಶಕ್ತಿ ಕೊಟ್ಟೋ ಅದರಿಂದ ಪಡೆದೋ ಬಣ್ಣ ಬದಲಿಸಿ ಬರುತ್ತದೆ. ಬದಲಾವಣೆ ಎಷ್ಟು ಎಂಬುದು ಒಂದೊಂದು ವಸ್ತುವಿಗೆ ಒಂದೊಂದು ಥರ, ಮನುಷ್ಯನ ಬೆರಳಚ್ಚಿನ ಹಾಗೆ. ಇವತ್ತು ಮಾತ್ರೆ ಅಸಲಿಯೋ ನಕಲಿಯೋ, ರತ್ನ ನಿಜವೋ ಗಾಜೋ, ಹಳೆಯ ಚಿತ್ರದಲ್ಲಿ ಬಳಸಿದ ಬಣ್ಣ ಯಾವುದು ಎಂದು ಒಡೆಯದೆ, ಕೆರೆಯದೆ ಹೇಳುವ ಯಂತ್ರಗಳು ನಡೆಯುವುದು ಇದರಿಂದಲೇ.

ಕಂಡದ್ದನ್ನು ರಾಮನ್ ಹೊರಗಿನ ಜನರ ಮುಂದೆ ವಿವರವಾಗಿ ಹೇಳಿದ್ದು ಎಲ್ಲಿ ಗೊತ್ತುಂಟಾ? ಬೆಂಗಳೂರಿನಲ್ಲಿ. 1928ರ ಮಾರ್ಚ್ 16ರಂದು ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಅದೇ ಹೊತ್ತಿಗೆ ರಷ್ಯದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಎಂಬಿಬ್ಬರು ಹರಳಿನಲ್ಲಿ ಇದನ್ನೇ ಕಂಡಿದ್ದರು, ಆದರೆ ಪ್ರಕಟಿಸುವುದರಲ್ಲಿ ಹಿಂದೆ ಬಿದ್ದರು. 1930ರ ನೊಬೆಲ್ ಬಂದದ್ದು ರಾಮನ್ ಒಬ್ಬರಿಗೇ. ವಿಜ್ಞಾನದಲ್ಲಿ ಏಷ್ಯಾಕ್ಕೆ ಅದು ಮೊದಲ ನೊಬೆಲ್. ಕೃಷ್ಣನ್ ಹೆಸರು ಬಹುಮಾನದಲ್ಲಿ ಇರಲಿಲ್ಲ. ಮಕ್ಕಳಿಗೆ ಕಥೆ ಹೇಳುವಾಗ ಆ ಹೆಸರು ಬಿಡಬಾರದು. ರಾಮನಾಥನ್ ಹೆಸರೂ, ಆಶುತೋಷ್ ಡೇ ಹೆಸರೂ ಕೂಡ.

ಬೆಂಗಳೂರಿನ ನೀಲಕಂಠ

1933ರಲ್ಲಿ ರಾಮನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗೆ, ನಿರ್ದೇಶಕರಾಗಿ ಬಂದರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ಬಂದ ಮರುವರ್ಷವೇ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿದರು. ಇಲ್ಲಿ ಅವರ ಕಣ್ಣಿಗೆ ಬಿದ್ದದ್ದು ಒಂದು ಹಕ್ಕಿಯ ಗರಿ. ನೀಲಕಂಠ, ನಮ್ಮ ರಾಜ್ಯಪಕ್ಷಿ. ಜಗಳೂರು ಕಡೆಯ ಬಯಲಿನಲ್ಲಿ, ಮೆಕ್ಕೆಜೋಳ, ಶೇಂಗಾ ಹೊಲದ ಬದಿಯ ಕರೆಂಟು ತಂತಿಯ ಮೇಲೆ ಕೂತಿರುತ್ತದೆ. ಕೂತಾಗ ಸಾದಾ ಹಕ್ಕಿ. ರೆಕ್ಕೆ ಬಿಚ್ಚಿದರೆ ನೀಲಿಯ ಮಿಂಚು.

ಆ ನೀಲಿ ಎಲ್ಲಿಂದ? ಗರಿಯೊಳಗೆ ನೀಲಿ ಬಣ್ಣದ ಪುಡಿ ಇಲ್ಲ. ಗರಿಯನ್ನು ಅರೆದರೆ ನೀಲಿ ಮಾಯ! ಗರಿಯೊಳಗಿನ ಅತಿ ಸಣ್ಣ ಗಾಳಿಗೂಡುಗಳ ರಚನೆ ಬೆಳಕಿನಿಂದ ನೀಲಿಯನ್ನು ಮಾತ್ರ ನಮ್ಮ ಕಡೆಗೆ ಕಳಿಸುತ್ತದೆ. ಗಿಳಿಯ ಹಸಿರಿನಲ್ಲೂ ಪಾತರಗಿತ್ತಿಯ ಹೊಳಪಿನಲ್ಲೂ ಇಂಥ ಆಟವೇ ಇದೆ. ರಾಮನ್ ಹಕ್ಕಿಗಳ ಗರಿಯ ಬಣ್ಣದ ಬಗ್ಗೆ ಲೇಖನ ಬರೆದಾಗ ಕೈಗೆತ್ತಿಕೊಂಡದ್ದು ಈ ನೀಲಕಂಠವನ್ನೇ. ಮುತ್ತಿನ ಚಿಪ್ಪಿನ ಕಾಮನಬಿಲ್ಲನ್ನೂ ಅದೇ ಕಾಲದಲ್ಲಿ ಪರೀಕ್ಷಿಸಿದರು.

ಹಾಗಂತ ಬೆಂಗಳೂರು ಅವರಿಗೆ ಹೂವಿನ ಹಾಸಿಗೆಯೇನೂ ಆಗಲಿಲ್ಲ. ಮಾತು ಒರಟು, ಸ್ವಭಾವ ಹಟದ್ದು. ಸಂಸ್ಥೆಯ ಹಣ, ನೇಮಕಾತಿ ಎಂದು ಜಗಳ ಬೆಳೆದು ತನಿಖಾ ಸಮಿತಿ ಕೂತಿತು. 1937ರಲ್ಲಿ ನಿರ್ದೇಶಕ ಹುದ್ದೆ ಬಿಟ್ಟು 1948ರವರೆಗೆ ಪ್ರಾಧ್ಯಾಪಕರಾಗಿ ಉಳಿದರು.

ಹೆಣ್ಣುಮಕ್ಕಳಿಗೆ ಬಾಗಿಲು

ರಾಮನ್ ಕಥೆಯಲ್ಲಿ ಮುಚ್ಚಿಡಬಾರದ ಒಂದು ಪುಟ ಉಂಟು. 1933ರಲ್ಲಿ ಮುಂಬೈಯ ಕಮಲಾ ಭಾಗವತ್ ಎಂಬ ಯುವತಿ ಡಿಗ್ರಿಯಲ್ಲಿ ಮೊದಲ ಸ್ಥಾನ ಪಡೆದು ಬೆಂಗಳೂರಿನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣು ಎಂಬ ಒಂದೇ ಕಾರಣಕ್ಕೆ ರಾಮನ್ ಬೇಡ ಎಂದರು. ಆಕಾಶದ ಬಣ್ಣದ ಬಗ್ಗೆ ಯಾರು ಹೇಳಿದರೂ ಪರೀಕ್ಷಿಸದೆ ಒಪ್ಪದ ಮನುಷ್ಯ, ಹೆಣ್ಣುಮಕ್ಕಳ ಬಗ್ಗೆ ಊರು ಹೇಳುವುದನ್ನು ಪರೀಕ್ಷಿಸದೆ ಒಪ್ಪಿದ್ದರು. ಕಮಲಾ ಸುಮ್ಮನೆ ಮರಳಲಿಲ್ಲ. ಎದುರು ನಿಂತು ಕೇಳಿದರು. ಹಲವು ಷರತ್ತು ಹಾಕಿ, ಒಂದು ವರ್ಷ ನೋಡೋಣ ಎಂದು ಸೇರಿಸಿಕೊಂಡರು. ಆಕೆಯ ಕೆಲಸ ಕಂಡ ಮೇಲೆ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದ ಈ ಕಮಲಾ ಸೊಹೊನಿ, ವಿಜ್ಞಾನದಲ್ಲಿ ಆ ಪದವಿ ಗಳಿಸಿದ ಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿ ನಿಲ್ಲುತ್ತಾರೆ.

ಹಾಗೆ ತೆರೆದ ಬಾಗಿಲಿನಿಂದ 1940ರಲ್ಲಿ ಒಳಗೆ ಬಂದವರು ಕೇರಳದ ಅನ್ನಾ ಮಣಿ. ವಜ್ರ ಮತ್ತು ಮಾಣಿಕ್ಯ ಹೊಮ್ಮಿಸುವ ಬಣ್ಣದ ಬೆಳಕನ್ನು ಅಳೆಯುವುದು ಅವರ ಕೆಲಸ. ಮಸುಕಾದ ಆ ಬೆಳಕು ಫೋಟೋ ಗಾಜಿನ ಮೇಲೆ ಮೂಡಲು 15-20 ಗಂಟೆ ಬೇಕಿತ್ತು, ರಾತ್ರಿಯೂ ಪ್ರಯೋಗಾಲಯದಲ್ಲೇ. ಇಷ್ಟು ಮಾಡಿಯೂ, ಎಂ.ಎಸ್ಸಿ. ಪದವಿ ಇಲ್ಲ ಎಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್‌ಡಿ ಕೊಡಲಿಲ್ಲ. ಅದಕ್ಕೆ ಅವರು ಕೂತು ಅಳಲಿಲ್ಲ. ಹವಾಮಾನ ಇಲಾಖೆ ಸೇರಿ, ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ಭಾರತದಲ್ಲೇ ತಯಾರಿಸುವಂತೆ ಮಾಡಿದರು.

ನಮ್ಮ ಮನೆಯ ಹೆಣ್ಣುಮಕ್ಕಳಿಗೆ ರಾಮನ್ ಕಥೆ ಹೇಳುವಾಗ ಈ ಇಬ್ಬರ ಕಥೆಯನ್ನೂ ಸೇರಿಸಿಯೇ ಹೇಳಬೇಕು. ದೊಡ್ಡವರೂ ತಪ್ಪುತ್ತಾರೆ, ಕೇಳಿದರೆ ಬಾಗಿಲು ತೆರೆಯುತ್ತದೆ ಎಂಬುದು ಆ ಮಕ್ಕಳಿಗೆ ಗೊತ್ತಾಗಲಿ.

ಮುದುಕನ ಗುಲಾಬಿ ತೋಟ

1948ರಲ್ಲಿ ನಿವೃತ್ತರಾದರು. ಆದರೆ ಕೆಲಸ ನಿಲ್ಲಲಿಲ್ಲ. ಮೈಸೂರು ಸಂಸ್ಥಾನ ಹಿಂದೆಯೇ ಕೊಟ್ಟಿದ್ದ ಜಾಗದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಎದ್ದಿತು. ಸರ್ಕಾರದ ಹಣಕ್ಕೆ ಕೈ ಚಾಚದೆ ದೇಣಿಗೆ ಎತ್ತಿ ನಡೆಸಿದರು. 1954ರಲ್ಲಿ ಭಾರತರತ್ನ ಬಂತು. ಸಂಸ್ಥೆಯ ಒಂದು ಭಾಗ ಅವರ ಸಂಗ್ರಹಾಲಯ. ಕಲ್ಲು, ಹರಳು, ಚಿಪ್ಪು, ಪಾತರಗಿತ್ತಿ, ಹಕ್ಕಿ. ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಾಕಿದರೆ, ಹಗಲಲ್ಲಿ ಬರೀ ಬೂದು ಕಲ್ಲಾಗಿ ಕಂಡದ್ದು ಹಸಿರು, ಕೆಂಪು, ಕಿತ್ತಳೆಯಾಗಿ ಹೊಳೆಯುತ್ತದೆ. ಶಾಲಾ ಮಕ್ಕಳು ಬಂದರೆ ಅವರಿಗೆ ಇದನ್ನೆಲ್ಲ ತೋರಿಸುವುದೆಂದರೆ ರಾಮನ್‌ಗೆ ಖುಷಿ.

70 ದಾಟಿದ ಮೇಲೆ ಅವರ ಹುಚ್ಚು ಹೂವಿನ ಕಡೆ ತಿರುಗಿತು. ತೋಟದ ಗುಲಾಬಿಯ ಎಸಳನ್ನು ವರ್ಣದರ್ಶಕದಲ್ಲಿ ನೋಡುವುದು, ಕೆಂಪು ಹೂವು ಯಾವ ಬಣ್ಣವನ್ನು ನುಂಗಿ ಯಾವುದನ್ನು ಬಿಡುತ್ತದೆ ಎಂದು ಬರೆದಿಡುವುದು. ಅಲ್ಲಿಂದ ಮುಂದಿನ ಪ್ರಶ್ನೆ, ಕಣ್ಣು ಬಣ್ಣವನ್ನು ಹೇಗೆ ಗುರುತಿಸುತ್ತದೆ? 1968ರಲ್ಲಿ ದೃಷ್ಟಿಯ ಬಗ್ಗೆ ಪುಸ್ತಕವನ್ನೇ ತಂದರು. ಕಣ್ಣಿನಲ್ಲಿ ಮೂರು ಬಗೆಯ ಬಣ್ಣಗ್ರಾಹಿ ಕೋಶಗಳಿವೆ ಎಂಬ ವಾದವನ್ನು ಅದರಲ್ಲಿ ತಳ್ಳಿಹಾಕಿದ್ದರು. ವಿಜ್ಞಾನ ಲೋಕ ಅವರ ಮಾತು ಒಪ್ಪಲಿಲ್ಲ. ಮೂರು ಬಗೆಯ ಕೋಶಗಳು ಇರುವುದೇ ಸರಿ ಎಂದು ಇವತ್ತು ನಾವು ಓದುತ್ತೇವೆ. ನೊಬೆಲ್ ಬಂದವರ ಮಾತನ್ನೂ ಪರೀಕ್ಷಿಸಿಯೇ ಒಪ್ಪಬೇಕು ಎಂಬುದಕ್ಕೆ ಅವರ ಪುಸ್ತಕವೇ ಸಾಕ್ಷಿ. ಒಂದು ಕಾಲದಲ್ಲಿ ಅವರು ಲಾರ್ಡ್ ರೇಲೀಗೆ ಮಾಡಿದ್ದೂ ಅದೇ ಅಲ್ಲವೇ?

ಅದೇ 1968ರ ಡಿಸೆಂಬರ್‌ನಲ್ಲಿ, 80ನೇ ವಯಸ್ಸಿಗೆ, ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿ ಕಟ್ಟುತ್ತಿದ್ದ ವಿಜ್ಞಾನ ಕೇಂದ್ರದ ಶಂಕುಸ್ಥಾಪನೆಗೆ ಹೋದರು. ಭಾಷಣಕ್ಕೆ ಆರಿಸಿಕೊಂಡ ವಿಷಯ ಆಕಾಶ ಯಾಕೆ ನೀಲಿ ಎಂಬುದು. ಸಾವಿರಾರು ವರ್ಷದಿಂದ ಮಕ್ಕಳು ಕೇಳುತ್ತ ಬಂದ ಪ್ರಶ್ನೆ. ಉತ್ತರವನ್ನು ತಟ್ಟನೆ ಕೈಗೆ ಕೊಡದೆ, ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಕೇಳುಗರನ್ನು ನಡೆಸಿಕೊಂಡು ಹೋದರು. ಮುಂದೆ ಚೆನ್ನೈಯ ತೂಲಿಕಾ ಪ್ರಕಾಶನ ಈ ಮಾತುಗಳನ್ನು ಮಕ್ಕಳ ಚಿತ್ರಪುಸ್ತಕವಾಗಿ ತಂದಿತು.

1970ರ ಅಕ್ಟೋಬರ್ 2ರಂದು ತಮ್ಮ ಸಂಸ್ಥೆಯಲ್ಲಿ ಎಂದಿನಂತೆ ಗಾಂಧಿ ಸ್ಮಾರಕ ಉಪನ್ಯಾಸ ಕೊಟ್ಟರು. ಅದೇ ಕೊನೆಯದು. ನವೆಂಬರ್ 21ರ ಮುಂಜಾವ ತೀರಿಕೊಂಡರು. ಸಂಸ್ಥೆಯ ತೋಟದಲ್ಲೇ ಅಂತ್ಯಕ್ರಿಯೆ ನಡೆಯಿತು. ಸ್ಮಾರಕ ಕಟ್ಟಲಿಲ್ಲ, ಅಲ್ಲಿ ಒಂದು ಮರ ಇದೆ, ಅಷ್ಟೇ.

ಸೂಳೆಕೆರೆಯ ದಂಡೆಯಲ್ಲಿ

ಈ ಕಥೆಯನ್ನು ನಮ್ಮ ಮಕ್ಕಳ ಕೈಗೆ ಕೊಡುವುದು ಹೇಗೆ? ಕನ್ನಡಕ್ಕೆ ಈ ಕೆಲಸ ಹೊಸದಲ್ಲ. ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ಮೂರು ಸಂಪುಟಗಳ ಬಾಲಪ್ರಪಂಚ ತಂದರು. ಜಗತ್ತಿನ ಜ್ಞಾನವನ್ನು ಚಿತ್ರದ ಜೊತೆ, ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಕೊಟ್ಟರು. ನಮ್ಮ ಕರಾವಳಿಯ ನೆಲದಿಂದಲೇ ಬಂದ ಪುಸ್ತಕ ಅದು. ಈಗ ಹಳ್ಳಿಹಳ್ಳಿಯ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರ ಎಂಬ ಹೆಸರು ಪಡೆದಿವೆ. ಅಲ್ಲಿ ಮಕ್ಕಳ ಕೈಗೆಟಕುವ ಎತ್ತರದಲ್ಲಿ ಬಣ್ಣದ ಚಿತ್ರವಿರುವ ವಿಜ್ಞಾನದ ಪುಸ್ತಕ ಎಷ್ಟಿವೆ ಎಂದು ಒಮ್ಮೆ ಹೋಗಿ ನೋಡಿ. ಇಲ್ಲದಿದ್ದರೆ ಕೇಳಿ. ಮದುವೆಗೆ, ಮನೆ ಒಕ್ಕಲಿಗೆ ಉಡುಗೊರೆ ಕೊಡುವ ನಾವು ಒಂದು ಗ್ರಂಥಾಲಯಕ್ಕೆ ನಾಲ್ಕು ಪುಸ್ತಕ ಕೊಟ್ಟರೆ ಬಡವರಾಗುವುದಿಲ್ಲ ಮಾರಾಯ್ರೆ.

ಪ್ರಯೋಗಾಲಯ ಇಲ್ಲ ಎಂಬ ನೆಪವೂ ಬೇಡ. ಚನ್ನಗಿರಿಯ ಮಕ್ಕಳಿಗೆ ಸೂಳೆಕೆರೆ ಉಂಟು, ಏಷ್ಯಾದ ದೊಡ್ಡ ಕೆರೆಗಳಲ್ಲಿ ಒಂದು ಎಂದು ಹೆಸರಾದದ್ದು. ಪೋಲರಾಯ್ಡ್ ತಂಪು ಕನ್ನಡಕ ಒಂದನ್ನು ಹಿಡಿದು ದಂಡೆಯಿಂದ ಓರೆಯಾಗಿ ನೀರು ನೋಡಿ, ಕನ್ನಡಕವನ್ನು ನಿಧಾನ ತಿರುಗಿಸಿ. ಒಂದು ಕೋನದಲ್ಲಿ ಮೇಲಿನ ಹೊಳಪು ಅಳಿಸಿಹೋಗಿ ನೀರಿನ ಒಳಬಣ್ಣ ಕಾಣುತ್ತದೆ. ನರ್ಕುಂಡಾ ಹಡಗಿನಲ್ಲಿ ರಾಮನ್ ಮಾಡಿದ್ದು ಇದನ್ನೇ. ಕೆರೆಯಲ್ಲಿ ಸಮುದ್ರದ ಕಡುನೀಲಿ ಸಿಗದೆ ಹಸಿರು ಕಂಡರೆ ಪಾಚಿಯ ಕಥೆ ಶುರು, ಕಂದು ಕಂಡರೆ ಮಣ್ಣಿನ ಕಥೆ. ಹೊನ್ನಾಳಿಯ ಮಕ್ಕಳು ತುಂಗಭದ್ರೆಯ ನೀರು ಮಳೆಗಾಲದಲ್ಲಿ ಯಾಕೆ ಕೆಂಪು, ಬೇಸಿಗೆಯಲ್ಲಿ ಯಾಕೆ ತಿಳಿ ಎಂದು ಬಾಟಲಿಯಲ್ಲಿ ತುಂಬಿಸಿಟ್ಟು ನೋಡಲಿ. ನ್ಯಾಮತಿಯ ಮಕ್ಕಳು ಅಡಿಕೆ ಬೇಯುವ ಹಂಡೆಯ ಹತ್ತಿರ ನಿಂತು ಚೊಗರಿನ ಬಣ್ಣ ದಿನದಿಂದ ದಿನಕ್ಕೆ ಹೇಗೆ ದಟ್ಟವಾಗುತ್ತದೆ ಎಂದು ಗುರುತು ಹಾಕಲಿ. ಜಗಳೂರಿನ ಮಕ್ಕಳಿಗೆ ಮಳೆ ಕಡಿಮೆಯಾದರೂ ಆಕಾಶಕ್ಕೆ, ನೀಲಕಂಠಕ್ಕೆ ಬರ ಇಲ್ಲ. ಬಿದ್ದ ಗರಿಯೊಂದು ಸಿಕ್ಕರೆ ಬೆಳಕಿಗೆ ಹಿಡಿದು ತಿರುಗಿಸಿ ನೋಡಲಿ.

ರಾಮನ್ ಕೈಯಲ್ಲಿ ಮೊದಲಿಗೆ ಇದ್ದದ್ದೂ ಇಷ್ಟೇ. ಎದುರಿಗೆ ಒಂದು ಸಮುದ್ರ, ಮನೆಯಲ್ಲಿ ಕೆಲವು ಪುಸ್ತಕ, ಕೇಳಬೇಡ ಎನ್ನದ ಒಬ್ಬ ತಂದೆ. ಮುಂದಿನ ಸಲ ಮಗ ಅಥವಾ ಮಗಳು ಇದು ಯಾಕೆ ಈ ಬಣ್ಣ ಎಂದು ಕೇಳಿದಾಗ ಉಮ್ಮನಿಗೆ ಉತ್ತರ ಗೊತ್ತಿರಬೇಕೆಂದಿಲ್ಲ, ಉಪ್ಪನಿಗೂ ಗೊತ್ತಿರಬೇಕೆಂದಿಲ್ಲ. ಬಾ, ನೋಡುವ ಅಂತ ಹೇಳಿದರೆ ಸಾಕು.